ಹದಿನಾಲ್ಕು ಗುಂಟೆ ಖರಾಬು

ನನ್ನ ಹೆಸರಿನ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 2 ಎಕರೆ 6 ಗುಂಟೆ. ಅದರಲ್ಲಿ ಖರಾಬು 14 ಗುಂಟೆ ಕಳೆದು ಉಳಿದದ್ದು 1 ಎಕರೆ 32 ಗುಂಟೆ. ಅಪ್ಪ ಹೋದ ಮೇಲೆ ಭಾಗ ಆದಾಗ ಬೋರ್‌ವೆಲ್ಲೂ ತೆಂಗಿನ ಗಿಡಗಳೂ ಇರುವ ಕೆಳಗಿನ ಹೊಲ ಅಣ್ಣಂದಿರ ಪಾಲಿಗೆ ಹೋಯಿತು. ಬೆಟ್ಟಕ್ಕೆ ಒರಗಿದ ಮೇಲಿನ ತುಂಡು, ಬಂಡೆಯ ಸಮೇತ, ನನಗೆ ಬಂತು. "ನಿಂಗೆ ತುಮಕೂರಲ್ಲಿ ಕೆಲ್ಸ ಐತೆ, ಮನೆ ಐತೆ. ಹೆಸರಿಗೊಂದು ಇರ್ಲಿ" ಅಂದರು. ಜಗಳ ಆಡುವಷ್ಟು ಬೆಲೆಯ ನೆಲ ಅದಲ್ಲ ಅಂತ ನಾನೂ ಸಹಿ ಹಾಕಿದೆ. ಒಳಗೊಳಗೇ ಉರಿದದ್ದು ನಿಜ, ಮುಚ್ಚಿಡುವುದೇನಿದೆ.

ಖರಾಬು ಅಂದರೆ ಉಳುಮೆಗೆ ಬಾರದ್ದು. ಅರಬ್ಬಿಯಲ್ಲಿ ಹುಟ್ಟಿ ಪಾರ್ಸಿಯ ಮೂಲಕ ನಮ್ಮ ಕಂದಾಯದ ಕಡತಕ್ಕೆ ಬಂದು ಕೂತ ಪದ. ಕೆಟ್ಟದ್ದು, ಹಾಳಾದದ್ದು ಅಂತ ಅರ್ಥ. ಅದರಲ್ಲೂ ಎ ಖರಾಬು, ಬಿ ಖರಾಬು ಅಂತ ಎರಡುಂಟು. ಹಳ್ಳ, ದಾರಿ, ಸ್ಮಶಾನದಂಥ ಊರೊಟ್ಟಿನ ಬಳಕೆಯದ್ದು ಬಿ. ನನ್ನದು ಎ. ಕಲ್ಲು, ಬಂಡೆ, ಬೆಳೆ ಬಾರದ ಜಾಗ; ಅದಕ್ಕೆ ಕಂದಾಯವೂ ಇಲ್ಲ. ಸರ್ಕಾರವೇ ದುಡ್ಡು ಕೇಳಲು ನಾಚುವ ಭೂಮಿ.

ನಮ್ಮೂರು ದೇವರಾಯನದುರ್ಗದ ಬಡಗಣ ಮಗ್ಗುಲಲ್ಲಿ, ಬೆಟ್ಟಸಾಲು ಕೊರಟಗೆರೆ ಕಡೆಗೆ ಇಳಿಯುವಲ್ಲಿದೆ. ದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಕಡೆ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟದ ಶಿಂಷಾ ಆ ಕಡೆ ತೆಂಕಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಎರಡು ನದಿಗಳ ತವರು ಅಂತ ಹೇಳಿಕೊಳ್ಳಲು ಚೆಂದ. ಬೇಸಿಗೆಯಲ್ಲಿ ಬಂದು ನೋಡಿದರೆ ತವರುಮನೆಯಲ್ಲಿ ಕುಡಿಯಲು ಒಂದು ಲೋಟ ನೀರಿರುವುದಿಲ್ಲ. ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಹಿರಿಯರು ಕೆರೆಯ ಅಂಚಿನಲ್ಲೋ ಹಳ್ಳದ ಪಕ್ಕದಲ್ಲೋ ನೀರು ಜಿನುಗುವ ಜಾಗ ಹುಡುಕಿ, ಗುಂಡಿ ತೋಡಿ, ಅದನ್ನು ತಲಪರಿಗೆ ಅಂತ ಕರೆದು ದೇವರ ಹಾಗೆ ಕಾಪಾಡಿದ್ದರು. ಜಿನುಗಿಗೂ ಒಂದು ಹೆಸರಿಟ್ಟು ಬಾಳಿದ ಸೀಮೆ ಇದು. ಇಲ್ಲಿ ಜೌಗು ನೆಲವೊಂದಿದೆ ಅಂತ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ.

ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಲು ಅಂತ ಸರ್ವೆಯವರು ಬಂದದ್ದು ಅಕ್ಟೋಬರಿನಲ್ಲಿ. ಹಸ್ತ ಮಳೆ ಚೆನ್ನಾಗಿ ಹುಯ್ದು ಚಿತ್ತೆ ಹಿಡಿದಿತ್ತು. ಅವರು ಹಳೆಯ ಕಲ್ಲು ಹುಡುಕುತ್ತ ಅಣ್ಣನ ಜೊತೆ ಕೆಳಗೆ ಹೋದರು. ನಾನು ಹಾಸುಬಂಡೆಯ ಮೇಲೆ ಚಪ್ಪಲಿ ಬಿಟ್ಟು ಕೂತೆ. ಮಳೆ ನಿಂತು ಎರಡು ದಿನವಾಗಿದ್ದರೂ ಬಂಡೆಯ ಮೇಲಿಂದ ನೀರು ತೆಳ್ಳಗೆ, ಒರೆಸಿದ ನೆಲದ ಹಾಗೆ, ಹೊಳೆಯುತ್ತ ಇಳಿಯುತ್ತಿತ್ತು. ಬಂಡೆ ಮುಗಿದು ಹೊಲ ಶುರುವಾಗುವ ಕಡೆ ಎರಡು ಮೂರು ಗೇಣು ಅಗಲದ ಒಂದು ಪಟ್ಟಿ. ಮರಳು, ಪಾಚಿ, ಸಣ್ಣ ಹುಲ್ಲು. ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು. ಆ ಪಟ್ಟಿಯ ಮೇಲೆ ಯಾರೋ ಕುಂಕುಮದ ಬಟ್ಟಲು ಬೀಳಿಸಿಕೊಂಡ ಹಾಗೆ ಕೆಂಪು ಚುಕ್ಕೆಗಳು.

ಬಗ್ಗಿ ನೋಡಿದೆ. ಗಿಡಗಳು. ಒಂದೊಂದೂ ಹೆಚ್ಚೆಂದರೆ ರೂಪಾಯಿ ನಾಣ್ಯದಷ್ಟು. ನೆಲಕ್ಕೆ ಅಂಟಿಕೊಂಡು ಸುತ್ತಲೂ ಎಲೆ ಹರಡಿ, ಮಕ್ಕಳು ಬಿಡಿಸುವ ಸೂರ್ಯನ ಹಾಗಿದ್ದವು. ಎಲೆಯ ತುಂಬ ಕೆಂಪು ಕೂದಲು, ಕೂದಲಿನ ತುದಿಗೊಂದು ಹನಿ. ಇಬ್ಬನಿ ಅಂದುಕೊಂಡೆ. ಆಮೇಲೆ ಗಡಿಯಾರ ನೋಡಿಕೊಂಡೆ. ಹನ್ನೊಂದೂವರೆ. ಬಿಸಿಲು ನೆತ್ತಿ ಸುಡುತ್ತಿದೆ, ಪಕ್ಕದ ಹುಲ್ಲಿನ ಮೇಲೆ ಒಂದು ಹನಿಯೂ ಇಲ್ಲ. ಇದರ ಮೇಲೆ ಮಾತ್ರ ಇಬ್ಬನಿ ಹೇಗೆ ಉಳಿಯಿತು? ಬೆರಳು ತಾಗಿಸಿದೆ. ಹನಿ ಒಡೆಯಲಿಲ್ಲ; ಹಲಸಿನ ಮೇಣದ ಹಾಗೆ ಎಳೆಯಾಗಿ ಬೆರಳಿನ ಜೊತೆ ಬಂತು.

ಫೋಟೋ ತೆಗೆದು, ಬಾಟನಿ ಓದಿದ ಗೆಳತಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನೇ ಬಂತು. "ಎಲ್ಲಿ ಸಿಕ್ತೇ ಇದು? ಡ್ರಾಸಿರಾ ಕಣೇ. ಡ್ರಾಸಿರಾ ಬರ್ಮನಿ. ಮುಟ್ಟಬೇಡ, ಕೀಳಬೇಡ, ಅಲ್ಲೇ ಇರು" ಅಂದಳು. ಹಾವು ಕಂಡವರಿಗೆ ಹೇಳುವ ಹಾಗೆ ಹೇಳಿದಳು.

ಕೀಟಾಹಾರಿ ಸಸ್ಯ ಅಂತ ಹೈಸ್ಕೂಲಿನಲ್ಲಿ ನಾವೂ ಓದಿದ್ದೆವು. ಮೇಘಾಲಯದ ಹೂಜಿ ಗಿಡ, ಅಮೆರಿಕದ ವೀನಸ್ ಫ್ಲೈಟ್ರ್ಯಾಪ್. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ. ಕೊರಟಗೆರೆಯ ಪಕ್ಕದಲ್ಲಿ ಕೂತು ನಾವು ಗಾರೋ ಬೆಟ್ಟದ ಗಿಡದ ಮುಚ್ಚಳವನ್ನು ಸ್ಕೆಚ್ ಪೆನ್ನಿನಲ್ಲಿ ತಿದ್ದುತ್ತಿದ್ದಾಗ, ಆ ಸಾಲಿನಲ್ಲೇ ಹೆಸರಿದ್ದ ಡ್ರಾಸಿರಾ ನಮ್ಮಪ್ಪನ ಬಂಡೆಯ ಮಗ್ಗುಲಲ್ಲಿ ಇರುವೆ ತಿಂದುಕೊಂಡಿತ್ತು. ಆಗ ಆ ಬಂಡೆಯ ಮೇಲೆ ನಾವು ಹುರುಳಿ ಬಡಿಯುತ್ತಿದ್ದೆವು.

ಮುಂದಿನ ಭಾನುವಾರ ಒಬ್ಬಳೇ ಹೋದೆ. ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಏನಾದರೂ ಬರಲಿ ಅಂತ ಕಾದೆ. ಕಾಯುವುದು ಸುಲಭವಲ್ಲ. ಕಾಲು ಜೋಮು ಹಿಡಿಯಿತು, ಫೋನ್ ಎರಡು ಸಲ ಬಡಿದುಕೊಂಡಿತು. ಕೊನೆಗೆ ಒಂದು ಕರಿ ಇರುವೆ, ಸಣ್ಣದು, ಎಲೆಯ ಅಂಚಿಗೆ ಹತ್ತಿತು. ಮುಂಗಾಲು ಹನಿಗೆ ತಾಗಿತು. ಎಳೆದುಕೊಂಡಿತು, ಬರಲಿಲ್ಲ. ಇನ್ನೊಂದು ಕಾಲು ಊರಿ ಎಳೆಯಲು ಹೋಯಿತು, ಅದೂ ಸಿಕ್ಕಿಕೊಂಡಿತು. ಅಷ್ಟರಲ್ಲಿ ಎಲೆಯಂಚಿನ ಉದ್ದ ಕೂದಲುಗಳು ಒಂದೊಂದಾಗಿ ಮೇಲೆದ್ದು ಒಳಕ್ಕೆ ಮಡಚಿಕೊಂಡವು. ನಾನು ನೋಡುನೋಡುತ್ತಲೇ. ಗಿಡ ಬೆಳೆಯುವುದನ್ನು ನೋಡಿದ್ದೇನೆ, ಮುಟ್ಟಿದರೆ ಮುನಿ ಮುದುಡುವುದನ್ನೂ ನೋಡಿದ್ದೇನೆ. ಆದರೆ ಹೀಗೆ ಬೇಕಾದ್ದನ್ನು ತನ್ನ ಕಡೆಗೆ ಬಾಚಿಕೊಳ್ಳುವ ಗಿಡವನ್ನು ನೋಡಿರಲಿಲ್ಲ. ಮಗುವಿನ ಬಾಯಿಗೆ ತುತ್ತು ತಳ್ಳುವ ಅಜ್ಜಿಯ ಬೆರಳುಗಳ ಹಾಗೆ ಆ ಕೂದಲುಗಳು ಇರುವೆಯನ್ನು ಎಲೆಯ ನಡುವಿಗೆ ತಳ್ಳಿದವು. ಡ್ರಾಸಿರಾಗಳಲ್ಲೇ ಬರ್ಮನಿ ಚುರುಕಿನ ಜಾತಿಯದು. ಕೆಲವೇ ಸೆಕೆಂಡಿನಲ್ಲಿ ಮಡಚಬಲ್ಲದು. ಇರುವೆ ಇನ್ನೂ ಸ್ವಲ್ಪ ಹೊತ್ತು ಒದ್ದಾಡಿತು. ಹುಳುಗಳು ಉಸಿರಾಡುವುದು ಮೈ ಪಕ್ಕದ ಸಣ್ಣ ತೂತುಗಳಿಂದ. ಅಂಟು ಅವನ್ನು ಮುಚ್ಚಿಬಿಡುತ್ತದೆ. ಸಾಯುವುದು ಹಸಿವಿನಿಂದಲ್ಲ, ಉಸಿರುಕಟ್ಟಿ.

ಆಮೇಲೆ ಜೀರ್ಣದ ಕೆಲಸ. ನಮ್ಮ ಹೊಟ್ಟೆಯಲ್ಲಿ ಇರುವಂಥದ್ದೇ ಕಿಣ್ವಗಳು ಎಲೆಯ ಮೇಲೆ ಒಸರಿ, ಕೆಲವು ದಿನಗಳಲ್ಲಿ ಇರುವೆಯ ಒಳಗಿನದ್ದೆಲ್ಲ ಕರಗಿ ಗಿಡಕ್ಕೆ ಸೇರುತ್ತದೆ. ಸಿಪ್ಪೆ ಮಾತ್ರ ಎಲೆಯ ಮೇಲೆ ಉಳಿಯುತ್ತದೆ. ಹೀಗೆ ಒಣಗಿದ ಸಿಪ್ಪೆಗಳನ್ನು ಹೊತ್ತ ಹಳೆ ಎಲೆ ನೋಡಿದರೆ ನಮ್ಮೂರ ಹೋಟೆಲಿನ ಮಧ್ಯಾಹ್ನ ಮೂರು ಗಂಟೆಯ ಮೇಜು ನೆನಪಾಗುತ್ತದೆ.

ಇದನ್ನೇ ನೋಡುತ್ತ ಮರುಳಾದವನು ಚಾರ್ಲ್ಸ್ ಡಾರ್ವಿನ್. 1860ರ ಬೇಸಿಗೆಯಲ್ಲಿ, ಜೀವಜಾತಿಗಳ ಉಗಮದ ಪುಸ್ತಕ ಬಂದ ಮರುವರ್ಷ, ಸಸೆಕ್ಸ್‌ನ ಬಯಲಲ್ಲಿ ಅವನಿಗೆ ಅಲ್ಲಿಯ ಡ್ರಾಸಿರಾ ಕಂಡಿತು. ಅದೇ ವರ್ಷ ಗೆಳೆಯ ಲಯಲ್‌ಗೆ ಬರೆದ ಕಾಗದದಲ್ಲಿ, ಜಗತ್ತಿನ ಎಲ್ಲ ಜೀವಿಗಳ ಉಗಮಕ್ಕಿಂತ ನನಗೀಗ ಈ ಗಿಡವೇ ಹೆಚ್ಚು ಅನ್ನುವ ಮಾತು ಬರೆದ. ಆ ಕಡೆ ಪಾದ್ರಿಗಳು ಅವನ ಮೇಲೆ ಕೆಂಡ ಕಾರುತ್ತಿದ್ದಾರೆ, ಈ ಕಡೆ ಈತ ಎಲೆಗೆ ಮಾಂಸದ ಚೂರು ತಿನ್ನಿಸುತ್ತ ಕೂತಿದ್ದಾನೆ. ಹದಿನೈದು ವರ್ಷ ಬಿಟ್ಟು 1875ರಲ್ಲಿ ಅದರ ಬಗ್ಗೆಯೇ ಒಂದು ದಪ್ಪ ಪುಸ್ತಕ ತಂದ. ಅವನ ಪ್ರಯೋಗಗಳಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು. ಮನುಷ್ಯನ ತಲೆಗೂದಲಿನ ಒಂದು ಚೂರು, ತೂಕ 0.000822 ಮಿಲಿಗ್ರಾಂ. ಅದನ್ನಿಟ್ಟರೂ ಎಲೆಯ ಕೂದಲು ಬಾಗಿತು. ಆದರೆ ಮೇಲಿಂದ ನೀರಿನ ಹನಿ ಬಿಟ್ಟರೆ ಅಲುಗಲಿಲ್ಲ. ಮಳೆಯ ಪ್ರತಿ ಹನಿಗೂ ಊಟ ಬಂತು ಅಂತ ಎದ್ದು ಕೂತರೆ ಬದುಕುವುದು ಹೇಗೆ? ನಮ್ಮ ಚಿತ್ತೆ ಮಳೆ ಹುಯ್ಯುವಾಗ ಕೊಡೆ ಹಿಡಿದು ನಿಂತು ನಾನೂ ಪರೀಕ್ಷೆ ಮಾಡಿದ್ದೇನೆ. ಹನಿಗಳು ಚಟಚಟ ಬೀಳುತ್ತವೆ, ಗಿಡ ಸುಮ್ಮನಿರುತ್ತದೆ.

ಒಂದು ಗಿಡಕ್ಕೆ ಕಣ್ಣು ಕೂಡಿದ ಮೇಲೆ ಉಳಿದವೂ ಕಾಣತೊಡಗಿದವು. ಪಟ್ಟಿಯ ಇನ್ನೊಂದು ತುದಿಯಲ್ಲಿ, ಹುಲ್ಲಿನ ನಡುವೆ ನೆಟ್ಟಗೆ ನಿಂತ, ದಾರದಂಥ ಎಲೆಗಳ ಇನ್ನೊಂದು ಡ್ರಾಸಿರಾ. ಅದು ಇಂಡಿಕಾ. ಬಿಸಿಲು ಹಿಂದಿನಿಂದ ಬಿದ್ದರೆ ಜರಿಯ ಎಳೆ ಹಿಡಿದ ಹಾಗೆ ಇಡೀ ಗಿಡ ಹೊಳೆಯುತ್ತದೆ. ನಡುವೆ ಅಲ್ಲಲ್ಲಿ ಸಾಸಿವೆ ಕಾಳು ಗಾತ್ರದ ನೇರಳೆ ಹೂಗಳು. ಎಲೆ ಎಲ್ಲಿ ಅಂತ ಹುಡುಕಿದರೆ ಸಿಗುವುದೇ ಕಷ್ಟ. ಗೆಳತಿ ಅದಕ್ಕೂ ಹೆಸರು ಹೇಳಿದಳು: ಯುಟ್ರಿಕ್ಯುಲೇರಿಯಾ. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯಲ್ಲಿ ಇದೇ ಬಳಗದ ಒಂದು ಹೂವಿಗೆ ಮರಾಠಿಗರು ಸೀತೆಯ ಕಣ್ಣೀರು ಅನ್ನುತ್ತಾರಂತೆ. ಅಲ್ಲಿ ಇಡೀ ಬಯಲು ನೀಲಿಯಾಗುತ್ತದೆ, ಜನ ಟಿಕೆಟ್ ಕೊಂಡು ನೋಡುತ್ತಾರೆ. ನನ್ನ ಖರಾಬಿನಲ್ಲಿ ಸೀತೆ ಅತ್ತದ್ದು ಎರಡು ಮೂರು ಹನಿ ಅಷ್ಟೆ.

ಈ ಸಾಧು ಹೂವಿನದ್ದು ಇನ್ನೂ ಘಾಟಿ ಕೆಲಸ. ಇದಕ್ಕೆ ನಿಜವಾದ ಬೇರೇ ಇಲ್ಲ. ಒದ್ದೆ ಮರಳಿನೊಳಗೆ ಹರಡಿದ ಎಳೆಗಳಲ್ಲಿ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೀಲಗಳಿರುತ್ತವೆ. ಚೀಲ ತನ್ನೊಳಗಿನ ನೀರನ್ನು ಹೊರಹಾಕಿ, ಕೆನ್ನೆ ಒಳಗೆಳೆದುಕೊಂಡ ಬಾಯಿಯ ಹಾಗೆ ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಸೂಕ್ಷ್ಮಜೀವಿಯೊಂದು ತಾಗಿದರೆ ಸಾಕು, ಬಾಗಿಲು ತೆರೆದು ನೀರಿನ ಸಮೇತ ಅದನ್ನು ಒಳಗೆ ಹೀರುತ್ತದೆ. ಹೀರಿಕೊಳ್ಳಲು ಹಿಡಿಯುವ ಹೊತ್ತು ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಮೇಲೆ ಹೂ ಗಾಳಿಗೆ ತಲೆಯಾಡಿಸುತ್ತ ಇರುತ್ತದೆ.

ಇಲ್ಲಿಯವರೆಗೆ ನಾನು ಒಳ್ಳೆಯವಳ ಹಾಗೆ ಕಾಣುತ್ತಿದ್ದೇನೆ. ಈಗ ಮಾಡಿದ ತಪ್ಪು. ಗೆಳತಿ ಕೀಳಬೇಡ ಅಂದಿದ್ದಳಲ್ಲ, ನಾನು ಕಿತ್ತೆ. ಮೂರು ಗಿಡ, ಅಡಿಯ ಮರಳಿನ ಸಮೇತ, ಊಟದ ಡಬ್ಬಿಯಲ್ಲಿ ಹಾಕಿಕೊಂಡು ತುಮಕೂರಿಗೆ ತಂದೆ. ತುಳಸಿ ಪಕ್ಕದಲ್ಲಿ ಒಳ್ಳೆಯ ಜಾಗ ನೋಡಿ, ಕೆಮ್ಮಣ್ಣಿಗೆ ಹಳೆ ಗೊಬ್ಬರ ಬೆರೆಸಿ, ಕುಂಡದಲ್ಲಿ ಕೂರಿಸಿದೆ. ಬೆಳಿಗ್ಗೆ ಸಂಜೆ ನೀರು. ಎರಡನೇ ದಿನಕ್ಕೆ ಹನಿಗಳು ಮಾಯವಾದವು. ನಾಲ್ಕನೇ ದಿನ ಕೆಂಪು ಹೋಗಿ ಕಂದು. ವಾರದೊಳಗೆ ನಡು ಕಪ್ಪಾಗಿ ಕೊಳೆಯಿತು. ನೀರು ಕಡಿಮೆಯಾಯಿತೇನೋ ಅಂತ ಇನ್ನಷ್ಟು ಹುಯ್ದೆ.

ಆ ನೀರೇ ವಿಷ. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಸ್ನಾನದ ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಅಷ್ಟು ಲವಣ ಇರುವ ನೀರನ್ನು ಆ ಬೇರು ತಡೆಯಲಾರದು. ಬಂಡೆಯ ಮೇಲಿಂದ ಇಳಿಯುವ ಮಳೆನೀರು ಮಾತ್ರ ಅದಕ್ಕೆ ಒಗ್ಗಿದ್ದು. ಗೊಬ್ಬರ ಹಾಕಿದ್ದಂತೂ, ಉಪವಾಸದ ಹೊಟ್ಟೆಗೆ ಮದುವೆ ಊಟ ತುರುಕಿದ ಹಾಗಾಯಿತು.

ಆ ಬಂಡೆಯದ್ದೂ ಒಂದು ಕಥೆ. ರಾಮನಗರದಿಂದ ಹಿಡಿದು ನಮ್ಮ ಜಿಲ್ಲೆಯನ್ನು ಹಾದು ಬಳ್ಳಾರಿ ಕಡೆಗೆ ಬಡಗಣ ತೆಂಕಣವಾಗಿ ಚಾಚಿಕೊಂಡ ಕಲ್ಲಿನ ಬೆನ್ನುಹುರಿಯೊಂದಿದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲೆಯೂ ದುರ್ಗದ ಬಂಡೆಗಳೂ ಆ ಬಳಗದವೇ. ಕಲ್ಲಿನಲ್ಲಿ ಸಾರಜನಕವಿಲ್ಲ. ಕಲ್ಲು ಸವೆದು ಬಿದ್ದ ಮರಳಿನಲ್ಲೂ ಇಲ್ಲ. ಎಲೆ ಕೊಳೆತು ಒಂದಿಷ್ಟು ಸೇರಿದರೂ ಮುಂದಿನ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಬಿಸಿಲು ಬೇಕಾದಷ್ಟಿದೆ, ನೀರು ಎರಡು ಮೂರು ತಿಂಗಳಿಗೆ ಸಾಲುವಷ್ಟಿದೆ, ಸಕ್ಕರೆಯನ್ನು ಗಿಡ ಬೇರೆ ಗಿಡಗಳ ಹಾಗೆ ತಾನೇ ಮಾಡಿಕೊಳ್ಳುತ್ತದೆ. ಕೊರತೆ ಸಾರಜನಕ, ರಂಜಕದ್ದು. ರಾಗಿ ಹೊಲಕ್ಕೆ ನಾವು ತಿಪ್ಪೆ ಗೊಬ್ಬರದಲ್ಲಿ ಏನು ಕೊಡುತ್ತೇವೋ ಅದನ್ನೇ ಇದು ಇರುವೆಯಿಂದ ಕಿತ್ತುಕೊಳ್ಳುತ್ತದೆ. ಯಾರಿಗೂ ಬೇಡದ ಜಾಗದಲ್ಲಿ ಇರಲು ಕಲಿತದ್ದಕ್ಕೆ ಇದು ಇಲ್ಲಿದೆ. ಜಾಗ ಯಾರಿಗಾದರೂ ಬೇಕಾಯಿತೋ, ಕೆಟ್ಟಿತು.

ಬೇಕಾಯಿತು. ಆ ತುಂಡನ್ನು ವಾರಕ್ಕೆ, ಬೆಳೆಯಲ್ಲಿ ಪಾಲಿನ ಮೇಲೆ, ಮಾಡುವವರು ನಮ್ಮ ಚಿಕ್ಕಪ್ಪ. ನನ್ನ ಮೇಲೆ ಅವರಿಗೆ ಪ್ರೀತಿ; ಹೆಣ್ಣುಮಗಳಿಗೆ ಕಲ್ಲು ಕೊಟ್ಟರಲ್ಲ ಅಂತ ಅಣ್ಣಂದಿರ ಮೇಲೆ ಸಿಟ್ಟು. ಮರು ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯುತ್ತಿದ್ದರು. ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಬಾಗಿಲಲ್ಲೇ ಹೇಳಿದರು: "ನಿನ್ನ ಖರಾಬು ಒಸಿ ಸರಿ ಮಾಡಿದೀನಿ ಕಣವ್ವ. ನಾಕ್ ಲೋಡು ಕೆರೆ ಗೋಡು ಹೊಡ್ಸಿದೀನಿ. ಈ ಸಲ ಅವರೆ ಹಾಕಾಣ."

ಹೋಗಿ ನೋಡಿದೆ. ಬಂಡೆಯ ಅಂಚಿನ ಅರ್ಧ ಪಟ್ಟಿಯ ಮೇಲೆ ಕರೀ ಗೋಡು, ಬೆಣ್ಣೆ ಸವರಿದ ಹಾಗೆ. ಏನು ಹೇಳುವುದು? ಅವರು ನಾಲ್ಕು ಲೋಡಿನ ಬಾಡಿಗೆ ಕೈಯಿಂದ ಕೊಟ್ಟಿದ್ದರು. "ಚೆನ್ನಾಗೈತೆ ಚಿಕ್ಕಪ್ಪ" ಅಂದೆ. ಅಲ್ಲೇ ಬಾಯಿಬಿಟ್ಟು ಇರುವೆ ತಿನ್ನುವ ಗಿಡದ ಕಥೆ ಹೇಳಬಹುದಿತ್ತು. ಧೈರ್ಯ ಬರಲಿಲ್ಲ. ಬಂಡೆಯನ್ನೇ ಕೊಡುತ್ತೀರಾ, ಜಲ್ಲಿಗೆ ಚೆನ್ನಾಗಿದೆ ಅಂತ ಒಬ್ಬರು ಬಂದು ಕೇಳಿದಾಗ, ಗದರಿ ಕಳಿಸಿದ್ದೂ ಇದೇ ಚಿಕ್ಕಪ್ಪ. ಅವರು ನೆಲ ಕೆಡಿಸುವ ಜಾತಿಯವರಲ್ಲ. ಬರಡು ನೆಲ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ, ಅಷ್ಟೆ.

ಅವರೆ ಬಂತು. ಸೊಗಡಿನ ಅವರೆಯೇ, ನಾಲ್ಕು ಸೇರು ನನಗೂ ಕಳಿಸಿದರು. ಹಿತಕಿದ ಬೇಳೆ ಸಾರು ಮಾಡಿ ಉಂಡೆವು. ಗೋಡು ಬಿದ್ದ ಕಡೆ ಅಕ್ಟೋಬರಿನಲ್ಲಿ ಮೊಣಕಾಲೆತ್ತರ ಗರಿಕೆ, ಹೊನಗೊನೆ, ತುಂಬೆ. ಒಂದೂ ಕೆಂಪು ಚುಕ್ಕೆ ಇಲ್ಲ. ಗೊಬ್ಬರದ ನೆಲದಲ್ಲಿ ಡ್ರಾಸಿರಾವನ್ನು ಗೊಬ್ಬರವೇ ಕೊಲ್ಲಬೇಕೆಂದಿಲ್ಲ, ಪಕ್ಕದವರು ಉದ್ದ ಬೆಳೆದು ನೆರಳು ಮಾಡಿದರೂ ಸಾಕು. ಉಳಿದರ್ಧ ಪಟ್ಟಿಯಲ್ಲಿ ಎಂದಿನ ಹಾಗೆ ಇತ್ತು. ನಡುವೆ ಗೆರೆ ಎಳೆದ ಹಾಗೆ.

ಆ ದಿನ ಚಿಕ್ಕಪ್ಪನಿಗೆ ತೋರಿಸಿದೆ. ಮಂಡಿ ನೋವಿನವರು, ಕಷ್ಟಪಟ್ಟು ಕೂತರು. ಒಂದು ಇರುವೆಯನ್ನು ಹುಲ್ಲುಕಡ್ಡಿಯಲ್ಲಿ ತಂದು ಬಿಟ್ಟೆ. ಕೂದಲು ಮಡಚಿದ್ದನ್ನು ಬಹಳ ಹೊತ್ತು ನೋಡಿದರು. "ಇದು ಅಂಟಂಟು ಗಿಡ ಅಲ್ವಾ. ಕುರಿ ಕಾಯುವಾಗ ಕಾಲ್ಗೆ ಹತ್ತಾದು. ಇದು ಹಿಂಗೆ ಮಾಡ್ತೈತೆ ಅಂತ ಗೊತ್ತಿರ್ಲಿಲ್ಲ ಕಣವ್ವ" ಅಂದರು. ಆಮೇಲೆ, "ನರಮನುಷ್ಯರ ಹೊಟ್ಟೆ ಕಂಡಂಗಾತು" ಅಂದು ಎದ್ದರು. ಗೋಡಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಡಿಸೆಂಬರ್ ಕೊನೆಗೆ ಪಟ್ಟಿ ಒಣಗಲು ಶುರುವಾಗುತ್ತದೆ. ಅಷ್ಟರಲ್ಲಿ ಬರ್ಮನಿ ಗೇಣುದ್ದದ ಕಡ್ಡಿಯ ತುದಿಗೆ ಬಿಳಿ ಹೂ ಬಿಟ್ಟು ಮುಗಿಸಿರುತ್ತದೆ. ಅಷ್ಟು ಕುಳ್ಳ ಗಿಡಕ್ಕೆ ಅಷ್ಟುದ್ದದ ಕಡ್ಡಿ ಯಾಕೆ ಅಂದರೆ, ಪರಾಗಕ್ಕೆ ಬರುವ ನೊಣ ಊಟದ ತಟ್ಟೆಗೆ ಬೀಳದಿರಲಿ ಅಂತ, ಅನ್ನುವುದು ಒಂದು ವಿವರಣೆ. ನೆಂಟರಿಗೊಂದು ಬಾಗಿಲು, ಊಟಕ್ಕೊಂದು ಬಾಗಿಲು. ಕಾಯಿ ಒಡೆದರೆ ಒಳಗೆ ನಶ್ಯದಂಥ ಕರೀ ಬೀಜ. ಸಂಕ್ರಾಂತಿಯ ಹೊತ್ತಿಗೆ ಗಿಡವಿದ್ದ ಗುರುತೇ ಇರುವುದಿಲ್ಲ. ಶಿವರಾತ್ರಿಗೆ ಆ ಜಾಗದಲ್ಲಿ ಬರಿಗಾಲಲ್ಲಿ ನಿಲ್ಲಲಾಗದು. ವರ್ಷದಲ್ಲಿ ಎಂಟು ತಿಂಗಳು ಬರೀ ಬಿಸಿ ಮರಳು. ಆಗ ಬಂದು ಅಳತೆ ಮಾಡಿದವರು ಖರಾಬು ಅಂತ ಬರೆದದ್ದರಲ್ಲಿ ತಪ್ಪೂ ಇಲ್ಲ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಒಂದೇ ರಾತ್ರಿ ಜಡಿದು ಬಂಡೆಯ ನೀರೆಲ್ಲ ಗೋಡಿನ ಮೇಲೆ ನುಗ್ಗಿತು. ನಡುವೆ ಒಂದು ಕೊರಕಲು ಬಿದ್ದು, ಮೊಳದಗಲ ಗೋಡು ಕೊಚ್ಚಿ ಹೋಗಿ, ಅಡಿಯ ಮರಳು ಮತ್ತೆ ಕಂಡಿತು. ಚಿಕ್ಕಪ್ಪ ಫೋನಿನಲ್ಲಿ ಮಗು ಬಿದ್ದು ಪೆಟ್ಟು ಮಾಡಿಕೊಂಡಷ್ಟು ಸಂಕಟದಿಂದ ಹೇಳಿದರು. ನಾನು ಅಯ್ಯೋ ಅಂದೆ. ಅಕ್ಟೋಬರ್ ಕೊನೆಗೆ ಹೋದಾಗ ಆ ಕೊರಕಲಿನ ಮರಳಲ್ಲಿ, ಮೇಲಿನ ಬಂಡೆಯ ಕಡೆಯಿಂದ ನೀರು ತಂದು ಹಾಕಿದ ಬೀಜವಿರಬೇಕು, ಹತ್ತು ಪೈಸೆಯಷ್ಟೂ ಇಲ್ಲದ ಒಂಬತ್ತು ಗಿಡ. ಎಣಿಸಿದೆ. ಒಂದರಲ್ಲಿ ಆಗಲೇ ಒಂದು ಗುಂಗುರು ಸಿಕ್ಕಿತ್ತು.

ಚಿಕ್ಕಪ್ಪ ಗುದ್ದಲಿ, ಮಂಕರಿ ತಂದಿದ್ದರು. ಉಳಿದ ಗೋಡು ಹೋಗದ ಹಾಗೆ ಅಡ್ಡಲಾಗಿ ಕಲ್ಲು ಬದು ಕಟ್ಟಬೇಕು, ನೀನೂ ಎರಡು ಕಲ್ಲು ಎತ್ತಿಕೊಡು ಅಂದರು. ಎತ್ತಿಕೊಟ್ಟೆ. ಆ ತುದಿಯಿಂದ ಅವರು, ಈ ತುದಿಯಿಂದ ನಾನು ಇಡುತ್ತ ಬಂದೆವು. ಕೊರಕಲಿನ ಹತ್ತಿರ ಬಂದಾಗ ನಾನು ಎರಡು ಗೇಣು ಬಿಟ್ಟು, ಆಚೆಗೆ ಮುಂದಿನ ಕಲ್ಲು ಇಟ್ಟೆ.

"ಅಲ್ಲ್ಯಾಕವ್ವ ಸಂದು ಬಿಟ್ಟೆ?"

"ನೀರು ಹೋಗಾಕೆ ದಾರಿ ಬೇಡ್ವಾ ಚಿಕ್ಕಪ್ಪ?"

ಅವರು ಸಂದನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಕಲ್ಲನ್ನು ನಾನಿಟ್ಟ ಕಲ್ಲಿನ ಆಚೆ ಬದಿಗೆ ಇಟ್ಟು, ಇನ್ನೊಂದು ತರಲು ಹೋದರು.